ಒಂದು ಸ್ಟೂಲು, ಎಂಟುನೂರ ನಲವತ್ತು ಫಾಲು

ಸ್ವಸ್ತಿ! ಸೀರೆ ಕೊಳ್ಳುವವರ ಸಹನೆಯೂ ಸೀರೆ ತೋರಿಸುವವರ ಸೊಂಟವೂ ಏಕಕಾಲಕ್ಕೆ ಕುಸಿಯುತ್ತಿದ್ದ ಘೋರ ಕಲಿಯುಗದ, ಮದುವೆಗಳ ಸುಗ್ಗಿಯಾದ ಲಗ್ನಸರಾಯಿಯಲ್ಲಿ, ಗದಗ ಪಟ್ಟಣದ, ಸೀರೆಗೊಪ್ಪುವ ಬಟ್ಟೆ ಮಾರುವ ಮ್ಯಾಚಿಂಗ್ ಸೆಂಟರೊಂದರಲ್ಲಿ, ಸಕಲವರ್ಣವಸ್ತ್ರಖಂಡಪರಿಪಾಲಕನೂ ಗಿರಾಕಿಕೋಪಜ್ವಾಲಾಸಹಿಷ್ಣುವೂ ಹನ್ನೊಂದು ಸಂವತ್ಸರ ನಿಂತೇ ದುಡಿದವನೂ ಆದ ಗೂಳಪ್ಪನೆಂಬ ಮಹಾವೀರನು ಒಂದು ಸ್ಟೂಲನ್ನು ಬಯಸಿದನು. ಇಡೀ ಅಂಗಡಿಗೆ ಫ್ಯಾನಿನ ಕೆಳಗೆ ಅದೊಂದೇ ಸ್ಟೂಲು. ಅದರ ಮೇಲೆ ಹಿರಿಯ ಕೆಲಸಗಾರ ಅಡಿವೆಪ್ಪನು ಮೂವತ್ತು ವರ್ಷಗಳಿಂದ ವಿರಾಜಮಾನನಾಗಿದ್ದನು. ಗೂಳಪ್ಪನ ಮೊಣಕಾಲ ನೋವು ಅವನಿಗೇ ಗೊತ್ತು, ಪಾಪ.

ಅಡಿವೆಪ್ಪನ ಬಲವೆಲ್ಲ ತಲೆಯಲ್ಲಿತ್ತು. ಸೀರೆಯ ಅಂಚಿಗೆ ಒಳಗಿನಿಂದ ಹೊಲಿಯುವ ಫಾಲುಗಳು, ಎಂಟುನೂರ ನಲವತ್ತು ಬಣ್ಣದವು, ಹಲಗೆಗಳ ಮೇಲೆ ಹೇಗೆಂದರೆ ಹಾಗೆ ಬಿದ್ದಿದ್ದವು. ಯಾವುದು ಎಲ್ಲಿದೆಯೆಂದು ಬಲ್ಲವನು ಅವನೊಬ್ಬನೇ. ಆ ತಲೆ ಊಟಕ್ಕೆ ಹೋದರೆ ವ್ಯಾಪಾರವೂ ಊಟಕ್ಕೆ ಹೋಗುತ್ತಿತ್ತು. ಆದಕಾರಣ ಗೂಳಪ್ಪನು ಮೂರು ದಿನ ಉಗ್ರತಪಸ್ಸನ್ನಾಚರಿಸಿ, ಟ್ಯೂಬ್‌ಲೈಟಿನ ಧವಳಪ್ರಭೆಯಲ್ಲಿ, ಬಿಳಿಯಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ, ಕೆಂಪಿನಿಂದ ನೀಲಿಗೆ, ನೀಲಿಯಿಂದ ಕಪ್ಪಿಗೆ ಎಲ್ಲವನ್ನೂ ಒಂದೇ ಸಾಲಾಗಿ ಜೋಡಿಸಿ, ಅಂಗಡಿಯ ಒಡೆಯ ಶೇಖರಪ್ಪನೆದುರು ಘರ್ಜಿಸಿದನು:

“ಕೇಳ್ರಿ ಸಾವ್ಕಾರ್ರ! ಸಾಲಿನ ನಟ್ಟನಡಕ್ ಒಂದು ಫಾಲ್ ಎಳೀತೀನಿ. ನಮಗ ಬೇಕಾದ ಬಣ್ಣ ಆಚಿಗಿದ್ರ ಈಚಿನ ಅರ್ಧ ಬಿಟ್ಟೆ. ಉಳದದ್ರಾಗ ಮತ್ತ ನಡಕ್, ಮತ್ತ ಅರ್ಧ ಬಿಟ್ಟೆ. ಹತ್ತು ಸಲ ಎಳ್ಯೂದ್ರಾಗ ಸಿಗಲಿಲ್ಲಂದ್ರ ನಾ ಗೂಳಪ್ಪನ ಅಲ್ಲ! ಸಿಕ್ರ ಆ ಸ್ಟೂಲ್ ನನಗ!”

“ಭಾಳ ಶ್ಯಾಣ್ಯಾ ಆಗೀದಿ ಬಿಡು,” ಎಂದು ಅಡಿವೆಪ್ಪನು ಗುಡುಗಿದನು. “ನನ್ನ ತಲ್ಯಾಗಿನ ಅಂಗಡಿ ಕೆಡಸಿ ನಿಂದು ಹೂಡೀದಿ. ಗಿರಾಕಿ ಹೂಂ ಅನ್ನಲಿ, ಆಮ್ಯಾಗ ಮಾತಾಡು.”

“ಮೊದಲ ಬರೋ ಗಿರಾಕಿ ಯಾರ ಫಾಲಿಗೆ ಹೂಂ ಅಂತಾಳೋ, ಸ್ಟೂಲ್ ಅವರದು,” ಎಂದು ಶೇಖರಪ್ಪ ತೀರ್ಪಿತ್ತನು. ಅಡಿವೆಪ್ಪನು ಎದ್ದನು. ಸ್ಟೂಲು ಕಿರ್ರೆಂದಿತು.

ಅಷ್ಟರಲ್ಲಿ ದೊಡ್ಡ ಚೀಲ ಹೊತ್ತು ಬಸಲಿಂಗವ್ವ ಎಂಬಾಕೆ ಬಂದು ನವಿಲುಗತ್ತಿನ ಬಣ್ಣದ ಸೀರೆಯನ್ನು ಹಾಸಿದಳು. ಅಡಿವೆಪ್ಪನ ಕೈ ಹಳೆಯ ರೂಢಿಯಂತೆ ಮೂರನೆಯ ಹಲಗೆಗೆ ಹಾರಿ ನಿಂಬೆಹಳದಿಯನ್ನು ಹಿಡಿದುಬಂತು. ಛೆ! ಇತ್ತ ಗೂಳಪ್ಪನು ನಾನೂರ ಇಪ್ಪತ್ತನೆಯದನ್ನು ಸೆಳೆಯಲು ಕೆಂಪು. ಈಚಿನ ಅರ್ಧಸೇನೆ ಹತವಾಯಿತು. ಆರುನೂರ ಮೂವತ್ತನೆಯದು ತಿಳಿನೀಲಿ, ಮತ್ತರ್ಧ ಮಡಿಯಿತು. ಒಂಬತ್ತನೆಯ ಸೆಳೆತಕ್ಕೆ, ಆಹಾ, ಸೀರೆಯೂ ಫಾಲೂ ಒಂದೇ ಬಾನಿಯಲ್ಲಿ ಅದ್ದಿದಂತೆ ಹೊಂದಿದವು! ಗೂಳಪ್ಪನು ಸ್ಟೂಲಿನತ್ತ ನೋಡಿದನು. ಅವನ ಕಣ್ಣುಗಳು ತುಂಬಿದ್ದವು.

“ಅವ್ವಾರ,” ಎಂದನು ಅಡಿವೆಪ್ಪ ಮೆಲ್ಲಗೆ, “ಒಂದೀಟು ಬಿಸಲಿಗೆ ಹಿಡದು ನೋಡ್ರಿ.”

ಎಲ್ಲರೂ ಬೀದಿಗೆ ಇಳಿದರು. ಸಹಸ್ರಕಿರಣನ ಸನ್ನಿಧಿಯಲ್ಲಿ ಸೀರೆ ನವಿಲುಗತ್ತಾಗಿಯೇ ಉಳಿಯಿತು, ಫಾಲು ಬದನೆಕಾಯಿಯಾಯಿತು. ಇದೊಂದೇ ಅಲ್ಲ, ಟ್ಯೂಬ್‌ಲೈಟಿನಡಿ ಜೋಡಿಸಿದ ಇಡೀ ಸಾಲೇ ಬಿಸಿಲಿಗೆ ಸುಳ್ಳು! “ಅಯ್ಯಯ್ಯೋ, ಮೂರು ದಿನ ಹಾಳಾತಲ್ಲೋ!” ಎಂದು ಗೂಳಪ್ಪನು ಹಲುಬಿದನು. ಅಡಿವೆಪ್ಪನಿಗೂ ನಗು ಬರಲಿಲ್ಲ. ಸರಿಯಾದ ಬಣ್ಣ ಎಲ್ಲಿದೆಯೆಂದು ಈಗ ಭೂಮಂಡಲದಲ್ಲಿ ಯಾರಿಗೂ ತಿಳಿದಿರಲಿಲ್ಲ.

ಬಸಲಿಂಗವ್ವ ಬೆವರು ಒರೆಸಿಕೊಂಡಳು. “ಫಾಲ್ ಸೀರಿ ಒಳಗ ಹೋಗೂದಲ್ರೀ? ಅದನ್ನ ಯಾರು ಬಗ್ಗಿ ನೋಡ್ತಾರ? ಹೂಂ, ಇದನ್ನ ಕಟ್ರಿ.” ಹಾಗೆಂದು ಆಕೆ ಒಳಗೆ ನಡೆದಳು.

“ಹೂಂ ಅಂದ್ಲಪಾ! ಗೂಳಪ್ಪಾ, ಸ್ಟೂಲ್ ನಿಂದು!” ಎಂದು ಶೇಖರಪ್ಪ ಸಾರಿದನು. ವಿಜಯಶ್ರೀವಲ್ಲಭನು ಕುಂಟುತ್ತ ಒಳಗೋಡಿದನು.

ಸ್ಟೂಲಿನ ಮೇಲೆ ಬಸಲಿಂಗವ್ವ ಕೂತಿದ್ದಳು. “ಉಸ್ಸಪ್ಪಾ, ಏನ್ ಬಿಸಲು! ಫ್ಯಾನ್ ಜೋರ್ ಮಾಡ್ರಿ,” ಎನ್ನುತ್ತ ಚೀಲವನ್ನು ಬಿಚ್ಚಿದಳು. “ಇನ್ನ ಹನ್ನೊಂದು ಸೀರಿ ಅದಾವ. ಸಾವಕಾಶ ತೋರಸ್ರಿ, ನನಗೇನು ಅವಸರಿಲ್ಲ.”

ಗೂಳಪ್ಪನು ಭಾರವನ್ನು ನೋವಿಲ್ಲದ ಕಾಲಿನ ಮೇಲೆ ಹಾಕಿ ನಿಂತು, ನಾನೂರ ಇಪ್ಪತ್ತನೆಯದನ್ನು ಎಳೆದನು.