ಆಂಟಿ ಭಾಷಣಕ್ಕೇ ಮೈಕ್ ಯಾಕೆ ಕೈ ಕೊಡುತ್ತೆ?

ಮೈಕ್ ಮುಂದೆ ನಿಂತವರಿಗೆ ಚಪ್ಪಾಳೆ, ಮೈಕ್ ಹಿಂದೆ ಕೂತವನಿಗೆ ಬೈಗುಳ. ಇದು ಸಿಡ್ನಿಗೆ ಬಂದರೂ ಬದಲಾಗಲ್ಲ. ವರ್ಷಕ್ಕೆ ನಾಲ್ಕು ಕಾರ್ಯಕ್ರಮ ಅಂದರೆ ನನಗೆ ವರ್ಷಕ್ಕೆ ನಾಲ್ಕು ಮಂಗಳಾರತಿ ಗ್ಯಾರಂಟಿ. ಅವುಗಳಲ್ಲಿ ಒಂದರ ಜಾಡು ಹಿಡಿದು ಹೋದ ಕಥೆ ಇದು.

೧. ಪ್ಲಗ್ ಕಿತ್ತವನೇ ಇಂಜಿನಿಯರ್

ನಾನು ನಾರ್ತ್ ಸಿಡ್ನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವನು. ಬೇರೆಯವರ ತಪ್ಪು ಹುಡುಕಿ ಸಂಬಳ ತಗೊಳ್ಳೋ ಕೆಲಸ. "ಮನೇಲಿ ಅದನ್ನೇ ಫ್ರೀಯಾಗಿ ಮಾಡ್ತಾರೆ" ಅಂತ ನನ್ನ ಹೆಂಡತಿ ಎಲ್ಲರ ಮುಂದೆ ಹೇಳ್ತಾಳೆ.

ಸಿಡ್ನಿಯ ಪ್ಯಾರಮಟ್ಟಾದಲ್ಲಿ ನಮ್ಮದೊಂದು ಕನ್ನಡ ಕೂಟ ಇದೆ. ಒಂದು ಯುಗಾದಿಗೆ ಸ್ಪೀಕರ್‌ಗಳು ಗುಂಯ್ ಅಂತ ಕೂಗೋಕೆ ಶುರು ಮಾಡಿದವು. ಯಾರೋ ಸ್ಪೀಕರ್ ಹಾಕಿದ್ದ ಬೋರ್ಡಿಗೇ ರೈಸ್ ಕುಕ್ಕರ್ ಕೂಡ ಸಿಕ್ಕಿಸಿದ್ದರು. ಹೋಗಿ ಅದರ ಪ್ಲಗ್ ಕಿತ್ತೆ. ಗುಂಯ್ ನಿಂತಿತು. ಅವತ್ತಿನಿಂದ ನಾನು ಕೂಟದ ಸೌಂಡ್ ಇಂಜಿನಿಯರ್. ಅನ್ನ ಅರ್ಧ ಬೆಂದಿತ್ತು ಅನ್ನೋದನ್ನ ಯಾರೂ ದಾಖಲಿಸಲಿಲ್ಲ.

ಕೂಟದ ವೈರ್ ಇಲ್ಲದ ಮೈಕ್ ಡಾಕ್ಟರ್ ಆಂಟಿಯ ಕೊಡುಗೆ. ಆಂಟಿ ಮೂಲತಃ ಮೈಸೂರಿನವರು. ವೆಸ್ಟ್‌ಮೀಡ್ ಕಡೆಯ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ಅರಿವಳಿಕೆ ಕೊಡೋ ಡಾಕ್ಟರಾಗಿದ್ದು ರಿಟೈರ್ ಆದವರು. ಆಪರೇಷನ್‌ಗೆ ಮುಂಚೆ ರೋಗಿಯನ್ನ ಮಲಗಿಸೋ ಕೆಲಸ. ಈಗ ಭಾಷಣ ಮಾಡ್ತಾರೆ. ಹಳಬರು ಎರಡೂ ಒಂದೇ ಅಂತಾರೆ, ನಾನಲ್ಲ. ದೇವಸ್ಥಾನದ ಫ್ಯಾನಿನ ರೆಕ್ಕೆಯ ಮೇಲೆ ದಾನಿಗಳ ಹೆಸರು ಬರೆಸಿರ್ತಾರಲ್ಲ, ಹಾಗೆ ಮೈಕ್ ಪೆಟ್ಟಿಗೆಯ ಮೇಲೆ ಆಂಟಿಯ ಹೆಸರಿದೆ.

ಎಷ್ಟೋ ವರ್ಷ ಆ ಮೈಕ್ ಚೆನ್ನಾಗೇ ಇತ್ತು. ನಾವು ಹೊಸ ಹಾಲ್‌ಗೆ ಬಂದ ವರ್ಷ ತಕರಾರು ಶುರುವಾಯಿತು. ರಾಜ್ಯೋತ್ಸವ. ಡ್ಯಾನ್ಸ್ ಆಯಿತು, ಹಾಡಾಯಿತು, ಮಕ್ಕಳ ನಾಟಕ ಆಯಿತು, ಮೈಕ್ ಒಂದು ಸಲವೂ ಕೆಮ್ಮಲಿಲ್ಲ. ಆಂಟಿ ಭಾಷಣಕ್ಕೆ ನಿಂತರು. ಹತ್ತು ನಿಮಿಷಕ್ಕೆ ಮೈಕ್ ಕಿರ್ರ್ ಅಂತು, ಬುಸ್ ಅಂತು, ಸತ್ತೇ ಹೋಯಿತು. ಆಂಟಿಯ ಬಾಯಿ ಆಡ್ತಿದೆ, ಸದ್ದಿಲ್ಲ. ಮುಂದಿನ ವರ್ಷವೂ ಅದೇ. ಅದರ ಮುಂದಿನ ವರ್ಷವೂ ಅದೇ.

ಮೂರನೇ ಸಲ ಆಂಟಿ ನೇರವಾಗಿ ನನ್ನ ಟೇಬಲ್ ಹತ್ತಿರ ಬಂದರು.

"ನನ್ನ ಮಾತು ಉದ್ದ ಆಯ್ತು ಅನ್ಸಿದ್ರೆ ಬಾಯ್ಬಿಟ್ಟು ಹೇಳಪ್ಪ. ಹೀಗೆ ಕಳ್ಳನ ಹಾಗೆ ಕೂತು ಕಟ್ ಮಾಡ್ಬೇಡ."

"ದೇವರಾಣೆ ನಾನಲ್ಲ ಆಂಟಿ!"

"ಮೂರು ವರ್ಷ ನನ್ನ ಭಾಷಣಕ್ಕೇ ಕೆಡೋ ಮೈಕ್ ಎಲ್ಲಾದ್ರೂ ಉಂಟಾ?"

ಅದು ನ್ಯಾಯವಾದ ಪ್ರಶ್ನೆಯೇ. ಅವರ ಕಣ್ಣಲ್ಲಿ ನೀರಿತ್ತು. ಸಿಡ್ನಿಗೆ ಬಂದ ಹೊಸದರಲ್ಲಿ, ನನ್ನ ಮಗಳು ಹುಟ್ಟಿದಾಗ, ಹದಿನೈದು ದಿನ ಸಾರು ಮಾಡಿ ತಂದುಕೊಟ್ಟವರು ಅವರು. ಅಂಥವರ ಬಾಯಿ ಕಟ್ಟಿದವನು ಅಂತ ಅನ್ನಿಸಿಕೊಂಡು ನಾನು ಹೇಗೆ ತಲೆ ಎತ್ತಲಿ?

ಅವರು ಅತ್ತ ಹೋಗುತ್ತಲೇ ಅಂಕಲ್ ಒಬ್ಬರು ಬಂದು ನನ್ನ ಕೈ ಕುಲುಕಿದರು. "ಟೈಮಿಂಗ್ ಸೂಪರ್ ಕಣ್ರಿ!"

"ಅಂಕಲ್, ನಿಜವಾಗ್ಲೂ ನಾನು ಏನೂ ಮಾಡಿಲ್ಲ."

"ಗೊತ್ತು, ಗೊತ್ತು" ಅಂತ ಕಣ್ಣು ಹೊಡೆದರು. "ಮುಂದಿನ ವರ್ಷ ಐದು ನಿಮಿಷಕ್ಕೇ ಏನೂ ಮಾಡ್ಬೇಡಿ."

೨. ಕುಂಕುಮದ ಕೆಳಗಿನ ನಂಬರ್

ಇನ್ನು ಸುಮ್ಮನಿರಬಾರದು ಅಂತ ಪತ್ತೇದಾರಿಕೆಗೆ ಇಳಿದೆ. ವೈರ್ ಇಲ್ಲದ ಮೈಕ್ ಅಂದರೆ ಒಂದು ಪುಟ್ಟ ರೇಡಿಯೊ ಸ್ಟೇಷನ್. ಅದರ ಸದ್ದು ಗಾಳಿಯಲ್ಲಿ ಯಾವ ದಾರಿಯಲ್ಲಿ ಓಡುತ್ತೆ ಅನ್ನೋದಕ್ಕೆ ಒಂದು ನಂಬರ್ ಇರುತ್ತೆ. ಮೈಕಿನ ಹಿಂಭಾಗದ ಲೇಬಲ್ ಮೇಲೆ ಅದನ್ನ ಬರೆದಿರ್ತಾರೆ. ನೋಡಿದರೆ ಮುಗೀತು ಅಂದುಕೊಂಡೆ.

ಪೆಟ್ಟಿಗೆ ತೆಗೆದೆ. ಲೇಬಲ್ಲೇ ಇಲ್ಲ. ಅಂದರೆ ಇದೆ, ಆದರೆ ಕಾಣ್ತಿಲ್ಲ. ನಮ್ಮ ಕೂಟದವರು ಪ್ರತಿ ವರ್ಷ ತಪ್ಪದೆ ಆಯುಧಪೂಜೆ ಮಾಡ್ತಾರೆ. ಲ್ಯಾಪ್‌ಟಾಪ್, ಕಾರು, ಮಿಕ್ಸಿ, ಜೊತೆಗೆ ಮೈಕ್. ಮೈಕಿನ ಮುಂಭಾಗಕ್ಕೆ ಗಂಧ ಹಚ್ಚಿದರೆ ಸದ್ದು ಕೆಡುತ್ತೆ ಅಂತ ಯಾರೋ ಬುದ್ಧಿವಂತರು ಹೇಳಿದ್ದರಿಂದ, ಅಷ್ಟೂ ವರ್ಷದ ಗಂಧ, ಅರಿಶಿನ, ಕುಂಕುಮ ಎಲ್ಲ ಹಿಂಭಾಗದ ಲೇಬಲ್ ಮೇಲೇ ಕೂತಿತ್ತು. ಒಂದು ಪದರ ಅಲ್ಲ, ಕೂಟದ ಇಡೀ ಇತಿಹಾಸ.

ಒದ್ದೆ ಬಟ್ಟೆ ತಗೊಂಡೆ. ಕೂಟದ ಸೆಕ್ರೆಟರಿ ಓಡಿ ಬಂದರು.

"ಏನ್ರೀ ಮಾಡ್ತಿದ್ದೀರಾ? ಪೂಜೆಯ ಕುಂಕುಮ ಅದು!"

"ನಂಬರ್ ನೋಡ್ಬೇಕಿತ್ತು ಸಾರ್."

"ಅಳಿಸ್ಬೇಡಿ. ಏನಾದ್ರೂ ಹೆಚ್ಚು ಕಮ್ಮಿ ಆದ್ರೆ ಮೈಕ್ ಕೆಟ್ಟುಹೋಗುತ್ತೆ."

"ಸಾರ್, ಅದು ಆಗಲೇ ಮೂರು ವರ್ಷದಿಂದ ಕೆಟ್ಟಿದೆ."

ಅವರು ಯೋಚಿಸಿದರು. "ನೋಡಿದ್ರಾ, ನಂಬರ್ ನೋಡೋಕೆ ಮುಂಚೇನೇ ಕೆಟ್ಟಿದೆ. ಇನ್ನು ನೋಡಿಬಿಟ್ರೆ ಗತಿ ಏನು?"

ಸಂಧಾನವಾಯಿತು. ಪೂರ್ತಿ ಒರೆಸುವ ಹಾಗಿಲ್ಲ, ಉಗುರಿನಲ್ಲಿ ಒಂದು ಮೂಲೆ ಕೆರೆಯಬಹುದು. ಕೆರೆದೆ. ಮೊದಲ ಅಂಕಿ ಏಳು ಅಂತ ಕಂಡಿತು. ಸೆಕ್ರೆಟರಿ ಕೈ ಮುಗಿದು, "ಏಳು ಶುಭ ಸಂಖ್ಯೆ. ಸಾಕು, ಮುಚ್ಚಿ" ಅಂದರು.

೩. ಅಂಗಡಿಯವನ ಒಂದೇ ಪ್ರಶ್ನೆ

ರೈಲ್ವೆ ಸ್ಟೇಷನ್ ಹತ್ತಿರ ಸೌಂಡ್ ಸಾಮಾನು ಮಾರೋ, ಬಾಡಿಗೆಗೂ ಕೊಡೋ ಅಂಗಡಿಯಿದೆ. ಮೈಕನ್ನ ಅಲ್ಲಿಗೆ ಒಯ್ದೆ. ನಡುವಯಸ್ಸಿನ ಆಸ್ಟ್ರೇಲಿಯನ್ ಒಬ್ಬ ಮೈಕ್ ಹಿಡಿದು ಮೂಸಿ ನೋಡಿ, "ಯಾವುದಾದರೂ ಸಾಂಬಾರಿನಲ್ಲಿ ಬಿದ್ದಿತ್ತಾ?" ಅಂತ ಕೇಳಿದ. ಪೂಜೆಯ ವಿಷಯ ವಿವರಿಸಿದೆ. ಅವನು ಗಂಭೀರವಾಗಿ ಕೇಳಿ, "ನನ್ನ ಗಿರಾಕಿಗಳಲ್ಲಿ ಮೈಕಿಗೆ ಇಷ್ಟು ಮರ್ಯಾದೆ ಕೊಟ್ಟವರನ್ನ ನಾನು ನೋಡೇ ಇಲ್ಲ" ಅಂದ.

ಮೊದಲ ಅಂಕಿ ಏಳು ಅಂದ ಕೂಡಲೇ, ಏಳುನೂರು ಚಿಲ್ಲರೆಯ ನಂಬರ್ ಅಂತ ಅವನಿಗೆ ಅರ್ಥವಾಯಿತು. ಮುಂಚೆ ಆ ದಾರಿಯಲ್ಲಿ ಟಿವಿಗಳೂ ಇಂಥ ಮೈಕ್‌ಗಳೂ ಓಡಾಡ್ತಿದ್ದವಂತೆ. ಆಮೇಲೆ ಸರ್ಕಾರ ಅವನ್ನೆಲ್ಲ ಅಲ್ಲಿಂದ ಎಬ್ಬಿಸಿ ದಾರಿಯನ್ನ ಮೊಬೈಲ್ ಕಂಪನಿಗಳಿಗೆ ಕೊಟ್ಟಿತಂತೆ. ಈಗ ಅಲ್ಲಿ ಮೈಕ್ ಓಡಿಸೋದೇ ಕಾನೂನಿಗೆ ವಿರುದ್ಧ.

"ಇದನ್ನ ಕೊಂಡವರಿಗೆ ಯಾರೂ ಹೇಳಲಿಲ್ವಾ?" ಅಂತ ಕೇಳಿದೆ.

"ಆಗ ಹಳೇ ಮೈಕ್ ಸೇಲ್‌ನಲ್ಲಿ ಕೊಡುವಾಗ, ನಾವಂತೂ ಒಂದು ಪೇಪರ್ ಕೊಟ್ಟು ಸೈನ್ ಹಾಕಿಸಿಕೊಳ್ತಿದ್ವಿ. ಈ ಮೈಕ್ ಇನ್ನು ಸ್ವಲ್ಪ ದಿನ ಮಾತ್ರ, ಆಮೇಲೆ ಬಳಸುವ ಹಾಗಿಲ್ಲ ಅಂತ. ಎಲ್ಲರೂ ಸೈನ್ ಹಾಕಿದರು. ಓದಿದವರು ಒಬ್ಬರೂ ನೆನಪಿಗೆ ಬರಲ್ಲ."

"ಸರಿ, ಡ್ಯಾನ್ಸ್‌ಗೆ ಕೆಲಸ ಮಾಡಿ ಭಾಷಣಕ್ಕೆ ಮಾತ್ರ ಯಾಕೆ ಕೈ ಕೊಡುತ್ತೆ?"

ಅವನು ಒಂದೇ ಪ್ರಶ್ನೆ ಕೇಳಿದ. "ಡ್ಯಾನ್ಸ್ ನಡೆಯುವಾಗ ಜನ ಏನು ಮಾಡ್ತಾರೆ?"

"ನೋಡ್ತಾರೆ."

"ಭಾಷಣ ನಡೆಯುವಾಗ?"

ನನಗೆ ತಲೆಯಲ್ಲಿ ದೀಪ ಹತ್ತಿತು. ಡ್ಯಾನ್ಸಿಗೆ ಎಲ್ಲರ ಕಣ್ಣು ಸ್ಟೇಜ್ ಮೇಲೆ. ಆಂಟಿ ಭಾಷಣ ಹತ್ತು ನಿಮಿಷ ದಾಟಿದರೆ ಇನ್ನೂರು ಜನವೂ ಫೋನ್ ತೆಗೆದು ವಾಟ್ಸ್ಯಾಪ್‌ಗೆ ಇಳೀತಾರೆ. ಇನ್ನೂರು ಫೋನ್ ಒಟ್ಟಿಗೆ ಮಾತಾಡಿದರೆ ಅದೇ ದಾರಿಯಲ್ಲಿ ನಡೀತಿರೋ ಆ ಬಡಪಾಯಿ ಮೈಕ್ ಏನು ಮಾಡುತ್ತೆ? ಹಳೇ ಹಾಲ್ ನೆಲಮಾಳಿಗೆಯಲ್ಲಿತ್ತು, ಅಲ್ಲಿ ಸಿಗ್ನಲ್ಲೇ ಸಿಗ್ತಿರಲಿಲ್ಲ. ಹೊಸ ಹಾಲ್‌ನಲ್ಲಿ ಫುಲ್ ಸಿಗ್ನಲ್.

ಅಂದರೆ ನಾನು ನಿರಪರಾಧಿ! ಕುಣಿಯೋ ಹಾಗಾಯಿತು. ಬಾಗಿಲವರೆಗೆ ಬಂದವನು ಅಲ್ಲೇ ನಿಂತೆ. ನಾನು ನಿರಪರಾಧಿ ಅಂತ ಆಂಟಿಗೆ ತೋರಿಸಬೇಕಾದರೆ, "ನಿಮ್ಮ ಮಾತನ್ನ ನಾನು ಕಟ್ ಮಾಡಿಲ್ಲ ಆಂಟಿ, ಅದನ್ನ ಕೇಳದೇ ಕೂತಿರೋ ಇನ್ನೂರು ಜನ ಮಾಡಿದ್ದು" ಅನ್ನಬೇಕು.

ಅಂಗಡಿಯವನಿಗೆ ನನ್ನ ಮುಖ ನೋಡಿ ಪಾಪ ಅನ್ನಿಸಿತು. "ಹೇಳಬೇಡ ಗೆಳೆಯಾ" ಅಂದ. "ನಮ್ಮ ಬೌಲಿಂಗ್ ಕ್ಲಬ್ಬಿನ ಅಧ್ಯಕ್ಷರಿಗೆ ನಾನು ಇನ್ನೂ ಹೇಳಿಲ್ಲ."

೪. ಮೆಲ್ಬರ್ನ್ ಬುಟ್ಟಿ

ಮೆಲ್ಬರ್ನ್ ಕೂಟದಲ್ಲಿ ಮೈಕ್ ನೋಡಿಕೊಳ್ಳೋನು ನನ್ನ ಕಾಲೇಜಿನ ಗೆಳೆಯ. ಅವರದೂ ಇಂಥದ್ದೇ ಹಳೇ ಮೈಕ್. ಅವನ ಆಫೀಸಿಗೆ ಫೋನ್ ಮಾಡಿ, ನೀವೇನು ಉಪಾಯ ಮಾಡಿದ್ರಿ ಅಂತ ಕೇಳಿದೆ.

"ಬಾಗಿಲಲ್ಲಿ ಬುಟ್ಟಿ ಇಟ್ವಿ ಕಣೋ. ಎಲ್ಲರೂ ಫೋನ್ ಆಫ್ ಮಾಡಿ ಅದರಲ್ಲಿ ಹಾಕಿ ಒಳಗೆ ಹೋಗ್ಬೇಕು, ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟ ಹಾಗೆ."

"ಮೈಕ್ ಸರಿ ಹೋಯ್ತಾ?"

"ಫಸ್ಟ್ ಕ್ಲಾಸ್. ಆಮೇಲೆ ಊಟ ಮುಗಿಸಿ ಎಲ್ಲರೂ ಹೊರಟ್ರು ನೋಡು. ನೂರಾರು ಫೋನು, ಎಲ್ಲ ಕಪ್ಪು, ಎಲ್ಲ ಒಂದೇ ಥರ. ದೇವಸ್ಥಾನದ ಚಪ್ಪಲಿ ಕಥೇನೇ ಆಯ್ತು. ಹಳೇದು ಬಿಟ್ಟು ಹೊಸದು ಹಾಕ್ಕೊಂಡು ಹೋದೋರು ಎಷ್ಟು ಜನಾನೋ!"

"ಈ ಬುಟ್ಟಿಯೇ ಬೇಡಪ್ಪ ಹಾಗಾದ್ರೆ. ನಿನ್ನ ಫೋನ್ ಸಿಕ್ತಾ?"

"ಅದು ಊರಾಚೆ ಜೀಲಾಂಗ್‌ನವರೊಬ್ಬರ ಕೈ ಸೇರಿದೆ. ಅವರದು ನನ್ನ ಹತ್ರ ಇದೆ. ಶನಿವಾರ ಬದಲಾಯಿಸ್ಕೋತೀವಿ. ಪಾಪ, ಅವರ ಹೆಂಡತಿಗೆ ನಿಜ ಹೇಳಿದ್ರೂ ನಂಬಿಕೆ ಇಲ್ಲ. ದಿನಾ ಸಂಜೆ ಫೋನ್ ಮಾಡಿ ಬರ್ತಾ ಹಾಲು ತನ್ನಿ ಅಂತಾರೆ."

"ನೀನೇನ್ ಹೇಳ್ತೀಯಾ?"

"ಸರಿ ಅಂತೀನಿ. ಬೇರೆಯವರ ಸಂಸಾರ, ಯಾಕೆ ಕೆಡಿಸ್ಲಿ?"

೫. ಬಿಸಿಬೇಳೆಬಾತ್ ನೇರ ಪ್ರಸಾರ

ಈ ವರ್ಷ ಆಂಟಿಯೇ ಕೂಟದ ಅಧ್ಯಕ್ಷೆ. ರಾಜ್ಯೋತ್ಸವ ಮುಗಿಸಿಕೊಂಡು ಮಗಳ ಜೊತೆ ಇರೋಕೆ ಮೆಲ್ಬರ್ನ್‌ಗೆ ಹೋಗೋರಿದ್ದರು. ಸಿಡ್ನಿಯಲ್ಲಿ ಇದೇ ಕೊನೆಯ ಭಾಷಣ. "ಒಂದೇ ಒಂದು ಸಲ ಪೂರ್ತಿ ಮಾತಾಡಿ ಮುಗಿಸ್ಬೇಕು ಅಂತ ಆಸೆ" ಅಂತ ಸೆಕ್ರೆಟರಿ ಹತ್ತಿರ ಹೇಳಿದರಂತೆ. ಅದು ನನ್ನ ಕಿವಿಗೂ ಬಿತ್ತು. ಏನಾದರಾಗಲಿ, ಈ ಭಾಷಣ ಕೊನೆಯ ಚುಕ್ಕೆಯವರೆಗೂ ಕೇಳಿಸಬೇಕು ಅಂತ ಪಣ ತೊಟ್ಟೆ.

ಅದೇ ಅಂಗಡಿಯಿಂದ ಹೊಸ ಮೈಕ್ ಬಾಡಿಗೆಗೆ ಬುಕ್ ಮಾಡಿದೆ. ಸೀರೆಗೆ ಸಿಕ್ಕಿಸಿಕೊಳ್ಳೋ ಪುಟ್ಟ ಕ್ಲಿಪ್ ಮೈಕ್, ಫೋನ್‌ಗಳ ದಾರಿಗೆ ಅಡ್ಡ ಬರಲ್ಲ. ಜೊತೆಗೆ ಎರಡು ಪುಟದ ಪೇಪರ್. ಅಧ್ಯಕ್ಷರ ಸೈನ್ ಬೇಕು. ಕಾರ್ಯಕ್ರಮಕ್ಕೆ ಎರಡು ದಿನ ಮುಂಚೆ ಆಂಟಿಗೆ ಕೊಟ್ಟೆ.

"ಓದಿ ಆಂಟಿ. ಹಳೇ ಮೈಕಿನ ದಾರಿ ಈಗ ಫೋನ್ ಕಂಪನಿಗಳದು, ಅದಕ್ಕೇ ಅದು ಕೈ ಕೊಡ್ತಿತ್ತು. ಕೊಳ್ಳುವಾಗ ಅದಕ್ಕೂ ಇಂಥ ಪೇಪರ್ ಕೊಟ್ಟಿರ್ತಾರೆ." ಇನ್ನೂರು ಜನರ ವಿಷಯ ನುಂಗಿಕೊಂಡೆ.

"ನಂಗೆ ಯಾವ ಪೇಪರ್ರೂ ಕೊಟ್ಟಿಲ್ಲ" ಅಂದರು ಆಂಟಿ, ಗಟ್ಟಿಯಾಗಿ. ಸೈನ್ ಹಾಕಿದರು. ಎರಡು ಸೆಕೆಂಡ್ ಹಿಡಿದಿರಬಹುದು.

"ಎರಡನೇ ಪುಟದಲ್ಲಿ ಮುಖ್ಯವಾದ್ದು ಇದೆ ಆಂಟಿ. ಮಾತು ಮುಗಿದ ಮೇಲೆ..."

"ನನಗೇ ಹೇಳಿಕೊಡ್ತೀಯಾ? ಹೋಗು, ನಿನ್ನ ಬಟನ್ ನೋಡ್ಕೋ ಹೋಗು."

ರಾಜ್ಯೋತ್ಸವದ ದಿನ ಆಂಟಿ ಮಾತಾಡಿದರು. ಹತ್ತು ನಿಮಿಷವಾಯಿತು. ಇನ್ನೂರು ಫೋನ್ ಹೊರಗೆ ಬಂದವು. ನಾನು ಕಿರ್ರ್ ಅನ್ನೋ ಸದ್ದಿಗೆ ಕಾದೆ. ಮೈಕ್ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಇಪ್ಪತ್ತು, ಮೂವತ್ತು, ನಲವತ್ತೆರಡು ನಿಮಿಷ. ವಂದನಾರ್ಪಣೆ. ಹಾಲ್ ಕೊಟ್ಟವರಿಗೆ, ಹೂ ಕಟ್ಟಿದವರಿಗೆ, ಕುರ್ಚಿ ಹಾಕಿದವರಿಗೆ, ಎಲ್ಲರಿಗೂ ಧನ್ಯವಾದ. ನನ್ನ ಹೆಸರು ಇರಲಿಲ್ಲ. ಹೋಗಲಿ ಬಿಡು, ಮುಗೀತಲ್ಲ ಅಂದುಕೊಂಡೆ. ಆದರೂ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ.

ಆಂಟಿ ಇಳಿದು ಹಿಂದಿನ ಅಡುಗೆಮನೆಗೆ ಹೋದರು. ಎರಡನೇ ಪುಟದಲ್ಲಿ ಬರೆದಿದ್ದು ಇಷ್ಟೇ: ಈ ಮೈಕಿನ ಸದ್ದು ಗೋಡೆ ದಾಟಿ ಬಹಳ ದೂರ ಹೋಗುತ್ತೆ, ಮುಗಿದ ಮೇಲೆ ಆಫ್ ಮಾಡಿ.

ಮೊದಲು ಹಾಲ್ ತುಂಬಾ ಸೌಟಿನ ಸದ್ದು. ಆಮೇಲೆ ಆಂಟಿಯ ದನಿ: "ಬಿಸಿಬೇಳೆಬಾತ್‌ಗೆ ಉಪ್ಪೇ ಇಲ್ವಲ್ರೀ!"

ಜನ ತಲೆ ಎತ್ತಿದರು. ನಾನು ಆಫ್ ಮಾಡೋಕೆ ಬಟನ್ ಮೇಲೆ ಬೆರಳಿಟ್ಟೆ. ಅಷ್ಟರಲ್ಲಿ ಸೆಕ್ರೆಟರಿಯ ದನಿ ಕೇಳಿಸಿತು: "ಮೇಡಂ, ಮೈಕ್ ಹುಡುಗನ ಹೆಸರು ಬಿಟ್ಟುಹೋಯ್ತಲ್ಲ?"

"ಬಿಟ್ಟುಹೋಗಿಲ್ಲ, ನಾನೇ ಹೊಡೆದುಹಾಕಿದ್ದೆ. ಮೂರು ವರ್ಷ ಅವನ ಹೆಸರು ಕೊನೇಲಿ ಬರ್ಕೊಂಡು ಹೋದೆ. ಮೂರು ಸಲಾನೂ ಅದು ಬರೋಕೆ ಮುಂಚೆ ಮೈಕ್ ಹೋಯ್ತು. ಇವನೇ ಕಟ್ ಮಾಡ್ತಾನೆ ಅಂತ ಕೋಪ ಬಂತು, ತೆಗೆದೆ. ಈ ಸಲ ನೋಡಿದ್ರೆ ಸುಡುಗಾಡು ಮೈಕ್ ಕೊನೇವರೆಗೂ ನಡೀತು!"

ಹಾಲ್‌ನಲ್ಲಿ ಒಂದು ಫೋನೂ ಮೇಲಿರಲಿಲ್ಲ. ಇನ್ನೂರು ಜನ ಕಿವಿಯಾಗಿ ಕೂತಿದ್ದರು.

"ಇನ್ನೊಂದು ಹೇಳ್ತೀನಿ, ಅವನಿಗೆ ಹೇಳ್ಬೇಡಿ" ಅಂದರು ಆಂಟಿ, ದನಿ ತಗ್ಗಿಸಿ. ಮೈಕ್ ಒಳ್ಳೇದು, ತಗ್ಗಿದ ದನಿಯೂ ಗಂಟೆ ಹೊಡೆದ ಹಾಗೆ ಕೇಳಿಸಿತು. "ಹಳೇ ಮೈಕ್ ಕೊಳ್ಳುವಾಗ ಪೇಪರ್ ಕೊಟ್ಟಿದ್ರು ಕಣ್ರಿ. ಸೈನೂ ಹಾಕಿದ್ದೆ. ಮನೇಲಿ ಪಾಸ್‌ಪೋರ್ಟ್ ಫೈಲ್‌ನಲ್ಲಿದೆ, ನಿನ್ನೆ ಹುಡುಕಿದ್ರೆ ಸಿಕ್ತು, ಆದ್ರೂ ಹೆಸರು ಮತ್ತೆ ಸೇರಿಸೋಕೆ ಬಿಗುಮಾನ ಬಿಡ್ಲಿಲ್ಲ. ಮೂವತ್ತು ವರ್ಷ ರೋಗಿಗಳಿಗೆ ಓದಿ ಸೈನ್ ಹಾಕಿ ಅಂತ ಹೇಳಿ ಹೇಳಿ, ನಾನೇ ಓದೋದು ಮರ್ತುಬಿಟ್ಟಿದ್ದೆ. ಪಾಪ, ಆ ಹುಡುಗನ್ನ ಕಳ್ಳ ಅಂದ್ಬಿಟ್ಟೆ. ಮಗ ಇದ್ದ ಹಾಗೆ ಅವನು ನಂಗೆ."

ನನ್ನ ಬೆರಳು ಬಟನ್ ಮೇಲೇ ಇತ್ತು. ಒತ್ತೋಕೆ ಆಗಲಿಲ್ಲ. ಕಣ್ಣು ಮಂಜಾಗಿತ್ತು ಅಂತಾದರೂ ಇಟ್ಟುಕೊಳ್ಳಿ.

ಆಂಟಿ ತಟ್ಟೆ ಹಿಡಿದು ಹಾಲ್‌ಗೆ ಬಂದರು. ಇನ್ನೂರು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಸೆರಗಿನ ಕ್ಲಿಪ್ ಮುಟ್ಟಿ ನೋಡಿಕೊಂಡರು. ಮುಖ ಕೆಂಪಗಾಯಿತು. ನೇರ ನನ್ನ ಟೇಬಲ್‌ಗೆ ಬಂದರು.

"ಎಲ್ಲಾ ಕೇಳ್ತಿದ್ದೆ, ಅಲ್ವಾ? ಒಂದು ಬಟನ್ ಒತ್ತಿ ಕಟ್ ಮಾಡೋಕೆ ಏನಾಗಿತ್ತೋ ನಿಂಗೆ?"

ಒಂದು ವರ್ಷದಿಂದ ಕಾಯ್ತಿದ್ದ ಮಾತು ಬಾಯಿಗೆ ಬಂತು.

"ಆಂಟಿ, ನಿಮ್ಮ ಮಾತನ್ನ ನಾನು ಯಾವತ್ತಾದ್ರೂ ಕಟ್ ಮಾಡಿದ್ದೀನಾ?"