ಡಬ್ಬಿಯ ತಳದ ಐಶ್ವರ್ಯ

ಅವತ್ತು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಹೆಂಡತಿಗೆ ಘೋಷಿಸಿಬಿಟ್ಟೆ. "ಸುಶ್ಮಿತಾ, ಸಂಜೆಯೊಳಗೆ ನಿನ್ನ ಬಳೆ ದುಡ್ಡು ನೂರು ಪಟ್ಟಾಗಿ ವಾಪಸ್ ಬರುತ್ತೆ!"

ಹತ್ತು ವರ್ಷದ ಹಿಂದೆ, ಬಳೆ ಮಾಡಿಸಲು ಅವಳು ಕೂಡಿಟ್ಟಿದ್ದ ಇಪ್ಪತ್ತು ಸಾವಿರವನ್ನು ಕಾಡಿ ಬೇಡಿ ಕ್ರಿಪ್ಟೋ ಎಂಬ ಕಂಪ್ಯೂಟರ್ ನಾಣ್ಯಕ್ಕೆ ಹಾಕಿದ್ದೆ. ಆಮೇಲೆ ಪ್ರತಿ ಮದುವೆ ಮನೆಯಲ್ಲೂ ಅವಳು ತನ್ನ ಬರಿಗೈಯನ್ನು ನನಗೆ ತೋರಿಸುತ್ತಾ ಬಂದಿದ್ದಳು. ಈಗ ಬೆಲೆ ಏರಿತ್ತು. ಹಳೇ ಕಂಪ್ಯೂಟರ್ ಗುಜರಿ ಸೇರಿದ್ದರೂ ಚಿಂತೆಯಿಲ್ಲ, ಆ ನಾಣ್ಯವಿರುವ ವ್ಯಾಲೆಟ್ ತೆರೆಯಲು ಪ್ರೈವೇಟ್ ಕೀ ಎಂಬ ಗುಟ್ಟಿನ ಸಂಕೇತ ಒಂದಿದ್ದರೆ ಸಾಕು. ಅದಿಲ್ಲದಿದ್ದರೆ ಬ್ರಹ್ಮ ಬಂದರೂ ತೆರೆಯದು.

ಅರವತ್ತನಾಲ್ಕು ಅಂಕಿ-ಅಕ್ಷರಗಳ ಆ ಕೀಯನ್ನು ಕಾಗದದಲ್ಲಿ ಬರೆದಿಟ್ಟು ಗೆದ್ದಲಿಗೆ ತಿನ್ನಿಸಲು ನಾನೇನು ದಡ್ಡನೇ? ದುರ್ಗಿಗುಡಿಯ ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ಡಬ್ಬಿ ಕೊಂಡು, ಹೆಸರು ಹಾಕುವವನಿಂದ ಅದರ ತಳಕ್ಕೆ ಕೆತ್ತಿಸಿದ್ದೆ. "ಇದು ಯಾವ ಸೀಮೆ ಹೆಸರು ಸಾರ್?" ಎಂದು ಕೇಳಿದ್ದ ಆತ, ಅಕ್ಷರಕ್ಕಿಷ್ಟು ಎಂದು ಎಣಿಸಿ ಕಾಸು ತಗೊಂಡಿದ್ದ.

ಅಟ್ಟದ ಪಾತ್ರೆಯನ್ನೆಲ್ಲ ಇಳಿಸಿದೆ. ಡಬ್ಬಿ ಇರಲಿಲ್ಲ.

"ತಳದಲ್ಲಿ ಕಾಗೆ ಕಾಲು ಗುಬ್ಬಿ ಕಾಲು ಇತ್ತಲ್ಲ, ಅದಾ? ಯುಗಾದಿಗೆ ಹೋಳಿಗೆ ತುಂಬಿ ಭದ್ರಾವತಿಗೆ ಕಳ್ಸಿದ್ದೆ. ಶೀಲಾ ಇನ್ನೂ ವಾಪಸ್ ಕೊಟ್ಟಿಲ್ಲ," ಎಂದಳು ಹೆಂಡತಿ.

ಬಸ್ಸು ಹತ್ತಿದೆ. ಭದ್ರಾವತಿ ಬರುವಷ್ಟರಲ್ಲಿ ಸವಳಂಗ ರಸ್ತೆಯಲ್ಲಿ ಎರಡು ಸೈಟು ಕೊಂಡು, ಒಂದಕ್ಕೆ ಕಾಂಪೌಂಡೂ ಹಾಕಿಸಿದ್ದೆ, ಮನಸ್ಸಿನಲ್ಲೇ.

ಡಬ್ಬಿ ಎನ್ನುತ್ತಲೇ ನಾದಿನಿ ಶೀಲಾ ನಾಚಿಕೊಂಡಳು. ಪಾತ್ರೆ ಖಾಲಿ ವಾಪಸ್ ಕೊಡಬಾರದಲ್ಲ, ಏನಾದರೂ ಮಾಡಿ ತುಂಬಿಸೋಣ ಅಂತಲೇ ತಡವಾಯಿತಂತೆ. ನಾನು ಬೇಡ ಬೇಡ ಎಂದರೂ ಬಿಡದೆ ಎರಡು ಗಂಟೆ ಕೂರಿಸಿ, ಕೋಡುಬಳೆ ಕರಿದು, ತುಂಬಿಸಿಯೇ ಕೊಟ್ಟಳು.

ಡಬ್ಬಿ ಎತ್ತಿ ತಳ ನೋಡಿದೆ. ಫಳಫಳ ಹೊಳೆಯುತ್ತಿತ್ತು. ಬಾಯಿ ಬಿಟ್ಟುಕೊಂಡ ನನ್ನದೇ ಮುಖ ಕಂಡಿತು. ಮೂಗಿನ ಜಾಗದಲ್ಲಿ 'ಸುಶ್ಮಿತಾ' ಎಂದು ಕೆತ್ತಿತ್ತು, ಪಕ್ಕದಲ್ಲೊಂದು ಹೂವು.

ಶೀಲಾಳ ಗಂಡ ಯೋಗರಾಜನಿಗೆ ಲೇತ್ ವರ್ಕ್‌ಶಾಪಿನಲ್ಲಿ ಕೆಲಸ. "ಯಾರೋ ಮುಠ್ಠಾಳ ಗೀಚಿ ಹಾಳು ಮಾಡಿದ್ದ ಅಣ್ಣ. ಗ್ರೈಂಡ್ ಮಾಡಿ, ಪಾಲಿಶ್ ಕೊಟ್ಟು, ಅತ್ತಿಗೆ ಹೆಸರು ಹಾಕಿದೀನಿ. ಹೆಂಗಿದೆ?"

ಚೆನ್ನಾಗಿದೆ ಎಂದೆ. ಮುಠ್ಠಾಳ ಯಾರೆಂದು ಹೇಳಲಿಲ್ಲ.

ಮನೆಗೆ ಬಂದು ಎಲ್ಲವನ್ನೂ ಒಪ್ಪಿಕೊಂಡೆ. ಸುಶ್ಮಿತಾ ಬಯ್ಯಲಿಲ್ಲ. ಒಂದು ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡು, ಡಬ್ಬಿಯನ್ನು ತಿರುಗಿಸಿ ತನ್ನ ಹೆಸರನ್ನೇ ನೋಡುತ್ತಾ ಕೂತಳು.

"ಇರ್ಲಿ ಬಿಡಿ. ಇಪ್ಪತ್ತು ಸಾವಿರಕ್ಕೆ ನನ್ನ ಹೆಸರಲ್ಲಿ ಒಂದು ಡಬ್ಬಿನಾದ್ರೂ ಆಯ್ತಲ್ಲ."