ಬಾರ್ಸಿಲೋನಕ್ಕೆ ಅಡ್ಡ ಬಂದ ಸಪ್ತಮಿ

ಬೆಳಿಗ್ಗೆ ದೀಪ ಹಚ್ಚಿ, ಪಂಚಾಂಗ ತೆಗೆದು, ಆ ದಿನದ ತಿಥಿ ವಾರ ನಕ್ಷತ್ರಗಳನ್ನು ದೇವರ ಮುಂದೆ ಓದದೆ ನಾನು ಕಾಫಿ ಕುಡಿದವಳಲ್ಲ. ದೇಶ ಬಿಟ್ಟು ಯಿಶುನ್‌ನ ಈ ಹನ್ನೊಂದನೇ ಮಹಡಿಗೆ ಬಂದ ಮೇಲೂ ಅದು ತಪ್ಪಿಲ್ಲ. ಆ ದಿನದ್ದಷ್ಟೇ ಓದುತ್ತೇನೆ. ನಾಳೆಯದು ದೇವರಿಗೆ ಸೇರಿದ್ದು, ಇಣುಕಬಾರದೆಂದು ನನ್ನ ನಂಬಿಕೆ. (ಈ ನಂಬಿಕೆಯೇ ನನ್ನನ್ನು ಮುಳುಗಿಸಿತು, ಅದೂ ಸಮುದ್ರ ನೋಡುವ ಮೊದಲೇ.)

ನಮ್ಮವರು ಪಟ್ಟಾಭಿರಾಮ, ಇದೇ ಊರಿನ ಕಾಕಿ ಬುಕಿತ್‌ನ ಗೋದಾಮೊಂದರಲ್ಲಿ ಮ್ಯಾನೇಜರ್. ಅಲ್ಲಿ ದಿನವಿಡೀ ಮಾತಾಡಿ, ಮನೆಗೆ 'ಹೂಂ' ಒಂದನ್ನು ಮಾತ್ರ ಉಳಿಸಿಕೊಂಡು ತರುತ್ತಾರೆ. ಉಪ್ಪು ಸಾಕಾ ಅಂದರೂ ಹೂಂ, ನನಗೆ ಜ್ವರ ಅಂದರೂ ಹೂಂ. ಮಗಳು ವಿಭಾ ಹಾಸ್ಟೆಲಿಗೆ ಹೋದ ಮೇಲೆ ಮನೆಯಲ್ಲಿ ನನ್ನ ಮಾತಿಗೆ ಉತ್ತರ ಕೊಡುವುದು ಕುಕ್ಕರ್ ಒಂದೇ.

ಅದಕ್ಕೇ ಮದುವೆಯ ಇಪ್ಪತ್ತೈದನೇ ವರ್ಷಕ್ಕೆ, ಮೇ ತಿಂಗಳಲ್ಲಿ, ಬಾರ್ಸಿಲೋನಕ್ಕೆ ಮೂರು ರಾತ್ರಿಯ ದಂಪತಿ ಪ್ರವಾಸವೆಂಬ ಮಹಾಯೋಜನೆ ಹೂಡಿದೆ. ಮೆಡಿಟರೇನಿಯನ್ ದಡದಲ್ಲಿ ಒಂದು ಬೆಂಚು, ಪಕ್ಕದಲ್ಲಿ ಅವರು. "ಏನು ಯೋಚನೆ ಮಾಡ್ತಿದೀಯ ಪದ್ಮಾ?" ಎಂದು ಒಂದು ಸಲ ಕೇಳಿದರೆ ಸಾಕಿತ್ತು. ಉತ್ತರ ನನ್ನಲ್ಲಿ ವರ್ಷಗಳಿಂದ ಸಿದ್ಧವಿತ್ತು.

ಅವರು ಹೂಂ ಅಂದರು. ಬುಕ್ ಮಾಡಿದೆ.

ಎದುರು ಮನೆಯ ಮೈಥಿಲಿ ದಿನಾ ಸಂಜೆ ಬಂದು, ತನ್ನ ಗಂಡ ಜಗದೀಶ ಮಾತೇ ಆಡುವುದಿಲ್ಲವೆಂದು ಅಳುತ್ತಿದ್ದಳು. ಕೇಳಿಸಿಕೊಳ್ಳುವುದು ನನ್ನ ಜಾತಕದಲ್ಲೇ ಇದೆ. ಒಂದು ದಿನ ಸಮಾಧಾನಕ್ಕೆಂದು ಪ್ರವಾಸದ ವಿಷಯ ಬಾಯಿಬಿಟ್ಟೆ.

"ಸೂಪರ್ ಐಡಿಯಾ ಆಂಟಿ. ನಾವೂ ಅದೇ ಹೋಟೆಲ್ ಬುಕ್ ಮಾಡ್ತೀವಿ."

ಇದನ್ನು ಕೇಳಿ ನಮ್ಮವರ ಮುಖ ಅರಳಿತು. "ಒಳ್ಳೇದಾಯ್ತು ಬಿಡು. ನನಗೂ ಮಾತಾಡೋಕೆ ಜಗದೀಶ್ ಸಿಕ್ಕಿದ್ರು. ಮೂರು ದಿನ ಏನಪ್ಪಾ ಮಾಡೋದು ಅಂತ ಯೋಚನೆ ಆಗಿತ್ತು." (ಆ ವರ್ಷ ಮನೆಯಲ್ಲಿ ಅವರು ಮಾಡಿದ ಅತಿ ದೀರ್ಘ ಭಾಷಣ.)

ಅಂದಿನಿಂದ ಗಂಡಸರಿಬ್ಬರೂ ನಮ್ಮ ಹಾಲ್‌ನಲ್ಲಿ ಮ್ಯಾಪ್ ಹರಡಿಕೊಂಡು ಹರಟತೊಡಗಿದರು. ನಾನು ಅಡಿಗೆಮನೆಯಲ್ಲಿ ಪ್ರಯಾಣಕ್ಕೆ ಗೊಜ್ಜವಲಕ್ಕಿ ಪುಡಿ ಮಾಡುತ್ತ ಮೈಥಿಲಿಯ ಅಳು ಕೇಳುತ್ತಿದ್ದೆ. ಆ ಬೆಂಚಿನಲ್ಲೂ ನನ್ನ ಪಕ್ಕ ಇವಳೇ ಕೂತಿರುವುದು ಕಣ್ಣಿಗೆ ಕಟ್ಟಿತು. ಆದರೂ ಒಂದು ಸಂಜೆಯಾದರೂ ಸಿಕ್ಕೀತೆಂದು ದೇವರಿಗೆ ತುಪ್ಪದ ದೀಪ ಹೆಚ್ಚಿಗೆ ಹಚ್ಚಿದೆ.

ದೇವರು ಉತ್ತರವನ್ನು ನಮ್ಮ ಪುರೋಹಿತರಾದ ದ್ವಾರಕನಾಥ ಶಾಸ್ತ್ರಿಗಳ ಫೋನಿನಲ್ಲಿ ಕಳಿಸಿದ.

"ಪದ್ಮಜಮ್ಮ, ನಿಮ್ಮ ಮಾವನೋರ ಶ್ರಾದ್ಧ, ವೈಶಾಖ ಬಹುಳ ಸಪ್ತಮಿ. ಈ ಸಲ ತಾರೀಖು ಮುಂಚೆ ಬಂದಿದೆ, ಜ್ಞಾಪಕ ಇದೆ ತಾನೆ?"

ಮೊದಲ ಸಲ ಪಂಚಾಂಗದ ಮುಂದಿನ ಪುಟ ತಿರುವಿದೆ. ಸಪ್ತಮಿ ಸರಿಯಾಗಿ ನನ್ನ ಬೆಂಚಿನ ಮೇಲೆ ಬಂದು ಕೂತಿತ್ತು. ಇವರು ಹಿರಿಯ ಮಗ. ಮಡಿಯಲ್ಲಿ ಅಡಿಗೆ ಮಾಡಬೇಕಾದವಳು ನಾನು.

"ದಿನಾ ಪಂಚಾಂಗ ಓದ್ತೀಯಲ್ಲೇ?" ಅಂದರು ಇವರು.

"ಆ ದಿನದ್ದು ಮಾತ್ರ ರೀ."

"ಹೂಂ."

ಮೈಥಿಲಿ, ಜಗದೀಶ ಇಬ್ಬರೇ ನನ್ನ ಗೊಜ್ಜವಲಕ್ಕಿ ಪುಡಿ ಕಟ್ಟಿಕೊಂಡು ಹೋದರು. ಸಪ್ತಮಿಯ ದಿನ ನಾನು ವಡೆ ಕರಿದೆ.

ವಾಪಸು ಬಂದ ಮೇಲೆ ಮೈಥಿಲಿ ವಾರವಾದರೂ ಇತ್ತ ತಲೆ ಹಾಕಲಿಲ್ಲ. ಎದುರು ಮನೆಯಿಂದ ನಗು ಮಾತ್ರ ಕೇಳುತ್ತಿತ್ತು. ಕೊನೆಗೊಂದು ಸಂಜೆ ಪುಡಿಯ ಡಬ್ಬಿ ಹಿಂತಿರುಗಿಸಲು ಬಂದಳು.

"ಅಲ್ಲಿ ಪರಿಚಯದವರು ಯಾರೂ ಇರ್ಲಿಲ್ವಲ್ಲ ಆಂಟಿ, ಇವ್ರು ನನ್ ಹತ್ರಾನೇ ಮಾತಾಡ್ಬೇಕಾಯ್ತು. ಈಗ ನಿಲ್ಸೋದೇ ಇಲ್ಲ." ಆಮೇಲೆ ನನ್ನ ಮುಖ ನೋಡಿದಳು. "ನೀವ್ಯಾಕೆ ಡಲ್ ಆಗಿದೀರಾ? ಇಷ್ಟು ದಿನ ನನ್ ಗೋಳು ನೀವು ಕೇಳಿದ್ರಿ. ಇನ್ಮೇಲೆ ದಿನಾ ಬಂದು ನಿಮ್ದು ನಾನು ಕೇಳ್ತೀನಿ. ಹೇಳಿ ಆಂಟಿ, ಏನ್ ಯೋಚನೆ ಮಾಡ್ತಿದೀರಾ?"

ಇಪ್ಪತ್ತೈದು ವರ್ಷ ಕಾದ ಪ್ರಶ್ನೆ. ಉತ್ತರ ಗಂಟಲವರೆಗೆ ಬಂತು. ಅಷ್ಟರಲ್ಲಿ ಎದುರಿನಿಂದ ಜಗದೀಶ ಅವಳ ಹೆಸರು ಹಿಡಿದು ಕರೆದ. ಅವಳ ಕಿವಿ ಆಗಲೇ ಅತ್ತ ಹೋಗಿತ್ತು.

"ಬೇಡಮ್ಮ, ನೀನು ಹೋಗು, ಕರೀತಿದಾರೆ," ಅಂದೆ. "ನಾನು ಕುಕ್ಕರ್ ಇಟ್ಟಿದೀನಿ."